ಜುನ್ನರಿನಲ್ಲಿ ನೆಲ ಕೊಳ್ಳುವ ಮುನ್ನ

ಪುಣೆಯಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರು ದೂರದ ಜುನ್ನರಿಗೆ ಮೊನ್ನೆ ಹೋಗಿದ್ದೆವು. ಶಿವಾಜಿ ಮಹಾರಾಜರು ಜನಿಸಿದ ಶಿವನೇರಿ ದುರ್ಗವನ್ನೂ ಲೇಣ್ಯಾದ್ರಿಯ ಬೌದ್ಧ ಗುಹೆಗಳನ್ನೂ ಕಂಡು ಕೃತಾರ್ಥರಾದೆವು. ಇಳಿಯುತ್ತಲೇ ದಲಾಲನೊಬ್ಬನು ಬೆಟ್ಟದಡಿಯ ಅಗ್ಗದ ನೆಲವೊಂದನ್ನು ತೋರಿಸಿದನು. ಹೋಟೆಲು ನಡೆಸಿದ ಕೈ, ಆಸೆ ಹುಟ್ಟದಿರಲಿಲ್ಲ.

ನಮ್ಮ ವಾಚಕರಲ್ಲಿಯೂ ಉಳಿಸಿದ ಹಣವನ್ನು ನೆಲದಲ್ಲಿ ತೊಡಗಿಸಲೆಳಸುವವರು ಅನೇಕರು. 2010ರಲ್ಲಿ ತಿದ್ದಿದ ಸ್ಮಾರಕ ಕಾಯದೆಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 1948ರ ಗೇಣಿ ಕಾಯದೆಯ 63ನೆಯ ಕಲಮಿನಂತೆ, ಕೃಷಿಕನಲ್ಲದವನು ಸರಕಾರದ ಅನುಮತಿಯಿಲ್ಲದೆ ಬೇಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ. ನಮ್ಮೂರ ಪಹಣಿಯಂತೆ ಇಲ್ಲಿ ಸಾತ್‌ಬಾರಾ ಉತಾರ. ಅದರಲ್ಲಿ ಪಾಲುದಾರರ ಹೆಸರುಗಳನ್ನೂ ಸಾಲದ ಬೋಜವನ್ನೂ ಓದಬೇಕು.

ಉತಾರವನ್ನು ಕೇಳಿದೆವು. ದಲಾಲನು ಚಹಾ ತರಿಸಿದನು, ಉತಾರ ಬರಲಿಲ್ಲ. ಸಂಜೆಯ ಬಸ್ಸಿನಲ್ಲಿ ಮರಳಿದೆವು.