ನೆಲದ ಗದ್ದಲ ದಾಟಿದರೆ ಕೇಳುವ ದನಿ

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆ ಸೇರಿದೆ. ಗುರುತ್ವ ಅಲೆಯನ್ನು, ಅಂದರೆ ದೇಶ–ಕಾಲದಲ್ಲೇ ಹರಡುವ ಕಂಪನವನ್ನು, ಮೊದಲು ಹಿಡಿದ ಅಮೆರಿಕದ ಲೈಗೊ ಉಪಕರಣದಲ್ಲಿ ಲೇಸರ್ ಓಡುವ ತೋಳು ಇದರ ಎರಡೂವರೆ ಪಟ್ಟಿಗೂ ಹೆಚ್ಚು, 4 ಕಿ.ಮೀ. ಅದೇ ಅಲೆಗಳನ್ನು ಹಿಡಿಯಲು ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2035ರ ಸುಮಾರಿಗೆ ಹಾರಿಸಲಿರುವ ‘ಲೀಸಾ’ದ ತೋಳಾದರೋ 25 ಲಕ್ಷ ಕಿ.ಮೀ. ಭೂಮಿಯ ಮೇಲೆ ಅಷ್ಟು ಜಾಗ ಎಲ್ಲಿದೆ?

ಅಷ್ಟು ಉದ್ದ ಯಾಕೆ ಬೇಕೆಂದು ತಿಳಿಯಲು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರ ಲೆಕ್ಕವನ್ನು ನೋಡಬೇಕು. ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ, ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಓದಿದವರು. ಕಪ್ಪುಕುಳಿಯಿಂದ ಬೆಳಕೇ ಹೊರಬಾರದು, ಅದು ಇದೆಯೆಂದು ತಿಳಿಯುವುದು ಹೇಗೆ? ಅದರ ಮೇಲೆ ಅಲೆಗಳನ್ನು ಎಸೆದು, ಚದುರಿ ಬರುವುದೇನೆಂದು ಅವರು ಕಂಪ್ಯೂಟರ್‌ನಲ್ಲಿ ನೋಡಿದರು. ಅಗಲವಾದ ಅಲೆ ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದುಗೊಳಿಸುತ್ತ ಹೋದಂತೆ ಕಪ್ಪುಕುಳಿ ಗಂಟೆಯ ಹಾಗೆ ಮಿಡಿದು, ಬೇಗನೆ ತಣ್ಣಗಾಯಿತು. 1970ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಕಪ್ಪುಕುಳಿ ಎಂಬುದು ಬರೀ ಗಣಿತದ ಕಲ್ಪನೆಯೇ ಎಂಬ ಅನುಮಾನ ಇನ್ನೂ ಪೂರ್ತಿ ಹೋಗಿರದ ಕಾಲವದು!

2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಒಂದಾದ ಸಂಕೇತ ಲೈಗೊಗೆ ಸಿಕ್ಕಿತು; ಅದರ ಬಾಲದಲ್ಲಿ ಆ ಮಿಡಿತವೇ ಇತ್ತು. ಆದರೆ ಅದು ಉಳಿದದ್ದು ಕೆಲವೇ ಮಿಲಿಸೆಕೆಂಡ್. ಸೂರ್ಯನ ಸುಮಾರು 60 ಪಟ್ಟು ತೂಕದ ಕುಳಿಗೆ ಅಷ್ಟೇ ಆಯುಷ್ಯ. ತೂಕ ಹೆಚ್ಚಿದಷ್ಟೂ ದನಿ ಮಂದ್ರಕ್ಕಿಳಿಯುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಗೆಲಾಕ್ಸಿಗಳ ನಡುವೆ ಕೂತ, ಲಕ್ಷಾಂತರ ಸೂರ್ಯರಷ್ಟು ಭಾರದ ಕುಳಿಗಳು ಒಂದಾದರೆ ಅದು ನಿಮಿಷಗಟ್ಟಲೆ ಉಳಿಯಬಹುದು. ಅಷ್ಟು ಮಂದ್ರದಲ್ಲಿ ನೆಲ ಕೇಳಗೊಡುವುದಿಲ್ಲ: ರೈಲು, ಲಾರಿ, ದೂರದ ಕಡಲಲೆ ಎಲ್ಲದರ ನಡುಕವೂ ಅಲ್ಲೇ ಗದ್ದಲ ಎಬ್ಬಿಸುತ್ತದೆ.

ಅದಕ್ಕೇ ಲೀಸಾ ನೆಲ ಬಿಡುತ್ತಿರುವುದು; ಮಂದ್ರದ ದನಿಗೆ ತಕ್ಕ ಉದ್ದದ ತೋಳಿಗೂ ಅಲ್ಲಿ ಜಾಗವಿದೆ. ಮೂರು ನೌಕೆಗಳು ತ್ರಿಕೋನ ಕಟ್ಟಿಕೊಂಡು ಸೂರ್ಯನನ್ನು ಸುತ್ತುತ್ತವೆ. ಒಂದರಿಂದ ಇನ್ನೊಂದಕ್ಕೆ ಲೇಸರ್ ತಲುಪಲು ಎಂಟು ಸೆಕೆಂಡಿಗೂ ತುಸು ಹೆಚ್ಚು ಬೇಕು. ನೌಕೆಯೊಳಗೆ ಚಿನ್ನ–ಪ್ಲಾಟಿನಂ ಮಿಶ್ರಲೋಹದ 46 ಮಿ.ಮೀ. ಬದಿಯ ಘನ ಯಾವ ಆಸರೆಯೂ ಇಲ್ಲದೆ ತೇಲುತ್ತಿರುತ್ತದೆ. ನನಗೆ ಬೆರಗೆನಿಸುವುದು ಇಲ್ಲೇ: ಘನ ನೌಕೆಯನ್ನು ಹಿಂಬಾಲಿಸುವುದಿಲ್ಲ, ನೌಕೆಯೇ ಘನವನ್ನು ಹಿಂಬಾಲಿಸುತ್ತದೆ. ಸೂರ್ಯನ ಬೆಳಕು ನೌಕೆಯನ್ನು ತಳ್ಳಿದರೆ ಪುಟ್ಟ ಥ್ರಸ್ಟರ್‌ಗಳು ಅದನ್ನು ಸರಿಪಡಿಸುತ್ತವೆ. 2015ರ ಡಿಸೆಂಬರ್‌ನಲ್ಲಿ ಹಾರಿದ ಲೀಸಾ ಪಾತ್‌ಫೈಂಡರ್ ಈ ತಂತ್ರ ಸಾಧ್ಯವೆಂದು ತೋರಿಸಿತು; 2024ರ ಜನವರಿಯಲ್ಲಿ ಪೂರ್ಣ ಯೋಜನೆಗೆ ಒಪ್ಪಿಗೆ ಸಿಕ್ಕಿತು.



ಹಾಗಂತ ನೆಲದ ಉಪಕರಣಗಳ ಕೆಲಸ ಮುಗಿಯುವುದಿಲ್ಲ. 2015ರಲ್ಲಿ ಸಿಕ್ಕಂಥ ಕಪ್ಪುಕುಳಿ ಜೋಡಿಗಳು ಒಂದಾಗುವ ಕೆಲ ವರ್ಷ ಮೊದಲೇ ಲೀಸಾಗೆ ಕೇಳಿಸಬಹುದು. ಆಗ, ಡಿಕ್ಕಿ ಯಾವಾಗ ಎಂದು ಮುಂಚೆಯೇ ತಿಳಿದು, ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ–ಇಂಡಿಯಾ ಸಜ್ಜಾಗಿ ಕೂರಬಹುದು.