ಇಂಟರ್‌ನೆಟ್ ಬಂತು, ಟಿವಿ ಮುಗಿಯಿತೇ?

‘ಈಗ ಟಿವಿ ಯಾರು ನೋಡ್ತಾರೆ, ಎಲ್ಲ ಮೊಬೈಲ್‌ನಲ್ಲೇ’ ಎಂಬುದು ಮನೆಮನೆಯ ಮಾತು. ಇದು ಅರ್ಧ ನಿಜ. ಜೀ ಕನ್ನಡದ ಧಾರಾವಾಹಿಗಳು ಜೀ5ನಲ್ಲೂ ಸಿಗುತ್ತವೆ, ಕಲರ್ಸ್ ಕನ್ನಡದ ಬಿಗ್ ಬಾಸ್ ಜಿಯೋಹಾಟ್‌ಸ್ಟಾರ್‌ನಲ್ಲೂ ಬರುತ್ತದೆ. ಕಥೆ ಅದೇ, ಕಲಾವಿದರೂ ಅವರೇ. ಹೋದದ್ದು ಹೊತ್ತಿನ ಕಟ್ಟುಪಾಡು. ರಾತ್ರಿಯ ಕಂತನ್ನು ಮರುದಿನ ಬಸ್ಸಿನಲ್ಲಿ ಕೂತು ನೋಡಬಹುದು.

ಹಾಗೆಂದು ಬದಲಾವಣೆ ಸಣ್ಣದಲ್ಲ. 2022ರ ಹರಾಜಿನಲ್ಲಿ ಐದು ವರ್ಷಗಳ ಐಪಿಎಲ್‌ಗಾಗಿ ಭಾರತದ ಟಿವಿ ಹಕ್ಕಿಗೆ ಸ್ಟಾರ್ 23,575 ಕೋಟಿ ರೂಪಾಯಿ ಕೊಟ್ಟಿತು. ಡಿಜಿಟಲ್ ಹಕ್ಕಿಗೆ ವಯಾಕಾಮ್18 ಕೊಟ್ಟದ್ದು ಸುಮಾರು 23,758 ಕೋಟಿ. 2024ರ ನವೆಂಬರ್‌ನಲ್ಲಿ ಈ ಇಬ್ಬರು ಪೈಪೋಟಿದಾರರ ವ್ಯವಹಾರ ಒಂದೇ ಕಂಪನಿಯೊಳಗೆ ಸೇರಿತು. ಟಿವಿಯನ್ನು ಇಂಟರ್‌ನೆಟ್ ಕೊಲ್ಲುತ್ತಿದೆ ಎನ್ನುವವರು ಇದನ್ನು ಗಮನಿಸಬೇಕು: ಎರಡರ ಗಲ್ಲಾಪೆಟ್ಟಿಗೆಯೂ ಈಗ ಒಂದೇ ಕಡೆ ಇದೆ.

‘ನೆಟ್ ಚೆನ್ನಾಗಿದ್ದರೆ ಮೊಬೈಲ್‌ನಲ್ಲೇ ಮ್ಯಾಚ್ ಬೇಗ ಕಾಣುತ್ತದೆ.’ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಉಪಗ್ರಹ ಕಳಿಸುವುದು ಒಂದೇ ಸಂಕೇತ. ನೂರು ಮನೆಯವರು ನೋಡಲಿ, ಕೋಟಿ ಮನೆಯವರು ನೋಡಲಿ, ಅದರ ಹೊರೆ ಹೆಚ್ಚುವುದಿಲ್ಲ. ಇಂಟರ್‌ನೆಟ್‌ನಲ್ಲಿ ಬಹುಮಟ್ಟಿಗೆ ಪ್ರತಿ ವೀಕ್ಷಕನಿಗೂ ಪ್ರತ್ಯೇಕವಾಗಿ ವಿಡಿಯೊ ಕಳಿಸಬೇಕು. ಅದಕ್ಕಾಗಿ ದೃಶ್ಯವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ವೀಕ್ಷಕರಿಗೆ ಹತ್ತಿರದ ಸರ್ವರ್‌ಗಳಿಗೆ ತಲುಪಿಸುತ್ತಾರೆ. ನಡುವೆ ಚಿತ್ರ ನಿಲ್ಲದಿರಲೆಂದು ಫೋನ್ ಒಂದಿಷ್ಟು ತುಂಡುಗಳನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿದಾಗ ನಿಮ್ಮ ಫೋನ್‌ನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವುದು ಅದಕ್ಕೇ. ಇಷ್ಟೆಲ್ಲ ಹೊರೆಯ ನಡುವೆಯೂ 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್ ಏಕಕಾಲಕ್ಕೆ 5.9 ಕೋಟಿ ವೀಕ್ಷಕರಿಗೆ ತೋರಿಸಿತು. ಅದರ ಹಿಂದಿದ್ದ ಎಂಜಿನಿಯರ್‌ಗಳ ಕೆಲಸ ನಿಜಕ್ಕೂ ಮೆಚ್ಚುವಂಥದ್ದು.

‘ಚಂದಾ ಕಟ್ಟಿದರೆ ಜಾಹೀರಾತಿನ ಕಾಟವಿಲ್ಲ’ ಎಂಬ ನಂಬಿಕೆಯೂ ಹಳತಾಯಿತು. 2025ರ ಜೂನ್‌ನಿಂದ ಭಾರತದಲ್ಲಿ ಪ್ರೈಮ್ ವಿಡಿಯೊ ಕೂಡ ಜಾಹೀರಾತು ತೋರಿಸುತ್ತಿದೆ. ಬೇಡವೆಂದರೆ ಮೇಲೆ ದುಡ್ಡು ಕೊಡಬೇಕು.

ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ‘ಇನ್ನು ಎಲ್ಲರಿಗೂ ಇಂಟರ್‌ನೆಟ್ ಸಾಕು’ ಎಂಬ ಮಾತು. ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಗಳಿವೆ, ಪ್ರತಿ ಸಲದ ರೀಚಾರ್ಜ್‌ಗೆ ಲೆಕ್ಕ ಹಾಕುವ ಕೂಲಿಕಾರರಿದ್ದಾರೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ. ಒಮ್ಮೆ ಡಿಶ್ಶು, ಬಾಕ್ಸು ಕೊಂಡರೆ ಚಂದನ ವಾಹಿನಿ ಮನೆಗೆ ಬರುತ್ತದೆ. 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ತನ್ನದೇ ಒಟಿಟಿ ತೆರೆದ ಪ್ರಸಾರ ಭಾರತಿ, ಫ್ರೀ ಡಿಶ್ಶನ್ನು ಕೈಬಿಡಲಿಲ್ಲ. ಅದು ಸರಿಯಾದ ನಿರ್ಧಾರ.