ಸುಡೊ (ಯುನಿಕ್ಸ್ ತಂತ್ರಾಂಶ)

ಸುಡೊ ಎಂಬುದು ಯುನಿಕ್ಸ್ ಹಾಗೂ ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯ ಬಳಕೆದಾರರಿಗೆ ಆಡಳಿತಾಧಿಕಾರದ ನಿರ್ದಿಷ್ಟ ಭಾಗವನ್ನು ಮಾತ್ರ ವಹಿಸಿಕೊಡಲು ನೆರವಾಗುವ ತಂತ್ರಾಂಶ.

ಹಿನ್ನೆಲೆ

ಯುನಿಕ್ಸ್‌ನಲ್ಲಿ ಪ್ರತಿಯೊಂದು ಖಾತೆಗೂ ಗುರುತುಸಂಖ್ಯೆಯಿರುತ್ತದೆ. 0 ಸಂಖ್ಯೆಯ ಖಾತೆಯನ್ನು 'ರೂಟ್' ಎನ್ನುತ್ತಾರೆ. ಈ ಖಾತೆಯಿಂದ ಯಾವುದೇ ಬಳಕೆದಾರರ ಕಡತವನ್ನು ಓದಬಹುದು, ಅಳಿಸಲೂಬಹುದು. ಹಲವರು ನಿರ್ವಹಿಸುವ ಸರ್ವರ್‌ನಲ್ಲಿ ರೂಟ್ ಖಾತೆಯ ಗುಪ್ತಪದವನ್ನು ಎಲ್ಲರಿಗೂ ತಿಳಿಸಿದರೆ ಯಾವ ಬದಲಾವಣೆಯನ್ನು ಯಾರು ಮಾಡಿದರೆಂದು ಹೇಳುವುದು ಕಷ್ಟ. ಒಬ್ಬರು ಕೆಲಸ ಬಿಟ್ಟಾಗಲೂ ಗುಪ್ತಪದವನ್ನು ಬದಲಿಸಿ ಉಳಿದವರಿಗೆಲ್ಲ ತಿಳಿಸಬೇಕಾಗುತ್ತದೆ.

ಇತಿಹಾಸ

1980ರ ಸುಮಾರಿಗೆ ಅಮೆರಿಕದ ಬಫಲೊ ನಗರದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಮೊದಲು ರಚಿಸಿದರು. 1990ರ ದಶಕದಿಂದ ಟಾಡ್ ಮಿಲ್ಲರ್ ಇದರ ನಿರ್ವಹಣೆಯ ಹೊಣೆ ಹೊತ್ತಿದ್ದಾರೆ.

ಕಾರ್ಯವಿಧಾನ

ಯಾರು, ಯಾವ ಗಣಕದಲ್ಲಿ, ಯಾವ ಖಾತೆಯ ಹೆಸರಿನಲ್ಲಿ, ಯಾವ ಆದೇಶವನ್ನು ನಡೆಸಬಹುದು ಎಂಬ ನಿಯಮಗಳನ್ನು 'ಸುಡೋಯರ್ಸ್' ಎಂಬ ಕಡತದಲ್ಲಿ ಬರೆಯಲಾಗುತ್ತದೆ. ಉದಾಹರಣೆಗೆ, ಜಾಲತಾಣ ನೋಡಿಕೊಳ್ಳುವವರಿಗೆ ವೆಬ್ ಸರ್ವರನ್ನು ಮರುಚಾಲನೆ ಮಾಡುವ ಆದೇಶವೊಂದನ್ನೇ ಅನುಮತಿಸಬಹುದು. ಬಳಕೆದಾರರು ಸಾಮಾನ್ಯವಾಗಿ ರೂಟ್‌ನ ಬದಲು ತಮ್ಮದೇ ಗುಪ್ತಪದವನ್ನು ನೀಡುತ್ತಾರೆ. ನಡೆದ ಆದೇಶಗಳೂ ನಿರಾಕೃತವಾದ ಪ್ರಯತ್ನಗಳೂ ಹೆಸರು ಮತ್ತು ಸಮಯದೊಂದಿಗೆ ದಾಖಲಾಗುತ್ತವೆ.

ಈ ಕಡತವನ್ನು 'ವಿಸುಡೊ' ಎಂಬ ಸಾಧನದ ಮೂಲಕವೇ ತಿದ್ದುವುದು ರೂಢಿ. ಇದು ಉಳಿಸುವ ಮುನ್ನ ವ್ಯಾಕರಣದೋಷಗಳನ್ನು ಪರಿಶೀಲಿಸುತ್ತದೆ. ದೋಷವುಳ್ಳ ಕಡತದಿಂದ ಆಡಳಿತಗಾರರೇ ತಮ್ಮ ಅಧಿಕಾರವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ.

ಮಿತಿಗಳು

ಅನುಮತಿಸಿದ ಆದೇಶ ಒಂದೇ ಆದರೂ ಅಧಿಕಾರ ಸೀಮಿತವಾಗಿಯೇ ಉಳಿಯುತ್ತದೆಂದು ಹೇಳಲಾಗದು. 'ವಿಐ' ಸಂಪಾದಕದೊಳಗಿಂದ ಬೇರೆ ಆದೇಶಗಳನ್ನು ನಡೆಸಲು ಸಾಧ್ಯ. ಆದ್ದರಿಂದ ಒಂದು ಕಡತವನ್ನು ತಿದ್ದಲು ರೂಟ್ ಹೆಸರಿನಲ್ಲಿ 'ವಿಐ' ನಡೆಸಲು ಬಿಟ್ಟರೆ ಇಡೀ ಗಣಕದ ಅಧಿಕಾರವನ್ನೇ ಕೊಟ್ಟಂತಾಗುತ್ತದೆ. ಇದಕ್ಕೆ ಪರಿಹಾರವಾಗಿ 'ಸುಡೊಎಡಿಟ್' ಇದೆ. ಇದು ಕಡತದ ತಾತ್ಕಾಲಿಕ ಪ್ರತಿಯನ್ನು ಬಳಕೆದಾರರ ಸ್ವಂತ ಅಧಿಕಾರದಲ್ಲೇ ತಿದ್ದಿಸಿ, ಬಳಿಕ ಮೂಲಕ್ಕೆ ಬರೆಯುತ್ತದೆ.

ಎಲ್ಲವನ್ನೂ ಅನುಮತಿಸಿ ಕೆಲವು ಆದೇಶಗಳನ್ನಷ್ಟೇ ನಿಷೇಧಿಸುವ ಕ್ರಮವೂ ಭದ್ರವಲ್ಲ. ನಿಷೇಧಿತ ಆದೇಶವನ್ನು ಬೇರೆ ಹೆಸರಿನಲ್ಲಿ ನಕಲಿಸಿಕೊಂಡು ನಡೆಸಬಹುದು. ಬೇಕಾದವುಗಳನ್ನು ಮಾತ್ರ ಪೂರ್ಣ ಮಾರ್ಗಸಹಿತ ನಮೂದಿಸುವುದು ಸುರಕ್ಷಿತ.

ಭದ್ರತಾ ದೋಷ

2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ಸುಡೊದಲ್ಲಿನ ಗಂಭೀರ ದೋಷವೊಂದನ್ನು ಬಹಿರಂಗಪಡಿಸಿತು. ಸುಡೋಯರ್ಸ್ ಕಡತದಲ್ಲಿ ಹೆಸರಿಲ್ಲದ ಬಳಕೆದಾರರೂ ಇದರ ಮೂಲಕ ರೂಟ್ ಅಧಿಕಾರ ಪಡೆಯಬಹುದಾಗಿತ್ತು. 2011ರಿಂದ ಉಳಿದುಬಂದಿದ್ದ ಈ ದೋಷವನ್ನು ಹೊಸ ಆವೃತ್ತಿಯಲ್ಲಿ ಸರಿಪಡಿಸಲಾಯಿತು.